ಮೇನ್ ಜೆಟ್ಟೋ, ನೀಡಲ್ ಕ್ಲಿಪ್ಪೋ?

ಯಮಹಾ ಆರ್‌ಎಕ್ಸ್ 100 ಬೈಕಿಗೆ ಎಕ್ಸ್‌ಪ್ಯಾನ್ಷನ್ ಸೈಲೆನ್ಸರ್, ಓಪನ್ ಫಿಲ್ಟರ್ ಹಾಕಿಸಿದ್ದೀರಾ? ಹಾಗಾದರೆ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮುಟ್ಟಲೇಬೇಕು. ಗಾಳಿ ಜಾಸ್ತಿ ಹೋಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬರುವುದಿಲ್ಲ.

ಕಾರ್ಬುರೇಟರಿನ ಸೂಜಿಯನ್ನು (ನೀಡಲ್) ಹಿಡಿದಿಡುವ ಕ್ಲಿಪ್ ಸರಿಸುವುದಕ್ಕೆ ಖರ್ಚಿಲ್ಲ. ಒಂದು ಗೆರೆ ಕೆಳಗೆ ಹಾಕಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಆದರೆ ಅದರ ಪ್ರಭಾವ ಹೆಚ್ಚಾಗಿ ಕಾಲು ಭಾಗದಿಂದ ಮುಕ್ಕಾಲು ಥ್ರಾಟಲ್‌ವರೆಗೆ ಮಾತ್ರ. ಊರೊಳಗೆ ಓಡಿಸುವಾಗ ಗಾಡಿ ತಡವರಿಸಿದರೆ ಇದು ಸಾಕು.

ಫುಲ್ ಥ್ರಾಟಲ್ ಕೆಲಸ ಮೇನ್ ಜೆಟ್ಟಿನದು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗದ್ದು. ನಾನು ಬರೀ ಕ್ಲಿಪ್ ನಂಬಿ ಕಾರವಾರದಿಂದ ಅಂಕೋಲಾ ಕಡೆ ಎಳೆದೆ. ದಾರಿಯಲ್ಲೇ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ, ಪೆಟ್ರೋಲ್ ಸಾಲದ್ದರ ಗುರುತು. ಪಿಸ್ಟನ್ನಿನ ಸೈಲೆನ್ಸರ್ ಬದಿಗೆ ಉದ್ದುದ್ದ ಗೀರು. ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ನನ್ನ ಮಾತು: ಮೊದಲು ಮೇನ್ ಜೆಟ್, ಆಮೇಲೆ ಕ್ಲಿಪ್. ದೊಡ್ಡ ನಂಬರಿನಿಂದ (ದೊಡ್ಡ ತೂತಿನ ಜೆಟ್) ಶುರು ಮಾಡಿ ಒಂದೊಂದೇ ಇಳಿಸಿ. ಪ್ರತಿ ಸಲ ಫುಲ್ ಥ್ರಾಟಲ್‌ನಲ್ಲಿ ಸ್ವಲ್ಪ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ನೋಡಿ. ಕಾಫಿಪುಡಿ ಬಣ್ಣ ಬಂದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಇನ್ನೂ ಇಳಿಸಬಹುದು.

ಶಿರಸಿಯವರು ಒಂದು ಗಮನಿಸಿ. ಘಟ್ಟದ ಮೇಲೆ ಗಾಳಿ ತೆಳು, ಸಣ್ಣ ಜೆಟ್ಟೇ ಸಾಕಾಗುತ್ತದೆ. ಅದೇ ಜೆಟ್ಟಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಪೆಟ್ರೋಲ್ ಕಮ್ಮಿ ಬೀಳಬಹುದು, ಅದರಲ್ಲೂ ಚಳಿಗಾಲದ ಬೆಳಿಗ್ಗೆ. ಎರಡೂ ಕಡೆ ಓಡಾಡುವವರು ಕರಾವಳಿಗೇ ಸೆಟ್ ಮಾಡಿಕೊಳ್ಳಿ. ಮೇಲೆ ಹೊಗೆ ಸ್ವಲ್ಪ ಜಾಸ್ತಿ ಬರಬಹುದು, ಪಿಸ್ಟನ್ ಉಳಿಯುತ್ತದೆ.