ನೋತ್ರ್ ದಾಮ್ ನೋಡುವುದೋ, ಶಾರ್ತ್ರ್‌ಗೆ ಹೋಗುವುದೋ?

ಪ್ಯಾರಿಸ್‌ನಲ್ಲಿ ಒಂದೇ ದಿನ ಕೈಯಲ್ಲಿದ್ದರೆ ಈ ಗೊಂದಲ ತಪ್ಪಿದ್ದಲ್ಲ. ಇತಿಹಾಸದ ವೈಭವ ಬೇಕೆಂದರೆ ನೋತ್ರ್ ದಾಮ್. 1163ರಲ್ಲಿ ಕಟ್ಟಲು ಶುರುವಾದ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಚರ್ಚು. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾಗಿ ಕಿರೀಟ ಧರಿಸಿದ್ದು ಇಲ್ಲೇ. 2019ರ ಬೆಂಕಿಯಲ್ಲಿ ಚಾವಣಿ, ಶಿಖರ ಕಳೆದುಕೊಂಡು 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಒಳಗಿನ ಕಲ್ಲು ಈಗ ಬೆಣ್ಣೆಯ ಬಣ್ಣ. ಪ್ರವೇಶ ಉಚಿತ, ನೂಕುನುಗ್ಗಲು ಖಚಿತ.

ನನ್ನ ಮತ ಶಾರ್ತ್ರ್ ಊರಿನ ಚರ್ಚಿಗೆ. ಪ್ಯಾರಿಸ್‌ನಿಂದ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. 1194ರ ಬೆಂಕಿಯ ನಂತರ ಎದ್ದ ಈ ಚರ್ಚಿನ ಬಣ್ಣದ ಗಾಜು ಬಹುಪಾಲು 12–13ನೇ ಶತಮಾನದ್ದೇ. ಎರಡನೇ ಮಹಾಯುದ್ಧದಲ್ಲಿ ಅದನ್ನು ಬಿಚ್ಚಿ ಬೇರೆಡೆ ಕಾಪಾಡಿದ್ದರು. ಬಿಸಿಲೇರಿದಾಗ ಆ ನೀಲಿಯ ಮುಂದೆ ಮಾತು ನಿಲ್ಲುತ್ತದೆ. ನೆಲದಲ್ಲಿ ಚಕ್ರವ್ಯೂಹದಂಥ ಸುತ್ತುಹಾದಿಯೂ ಇದೆ. ಎಷ್ಟೋ ದಿನ ಅದರ ಮೇಲೆ ಕುರ್ಚಿ ಹಾಕಿರುತ್ತಾರೆ, ಬೇಸಿಗೆಯ ಶುಕ್ರವಾರ ಹೋದರೆ ನಡೆಯಲು ಸಿಗಬಹುದು.