ಥಿಂಕ್‌ಪ್ಯಾಡ್ ಟಿ480 ಮತ್ತು ಡೆಬಿಯನ್: ಶಿರಸಿಯಲ್ಲಿ ಕೂತು ಕೋಡ್ ಬರೆಯುವವಳ ಅನುಭವ

"ಅಕ್ಕಾ, ಸಾಲ ಮಾಡಿಯಾದ್ರೂ ಮ್ಯಾಕ್ ತಗೊಳ್ಳಲಾ?" ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಈ ಪ್ರಶ್ನೆ ತರುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನೀನು ಬರೆದ ಪ್ರೋಗ್ರಾಮ್ ಕೊನೆಗೆ ಓಡುವುದು ಎಲ್ಲಿ? ಐಫೋನ್ ಆ್ಯಪ್ ಆದರೆ ಮಾತೇ ಇಲ್ಲ, ಅದನ್ನು ಕಟ್ಟುವ ಆಪಲ್‌ನ ತಂತ್ರಾಂಶ ಎಕ್ಸ್‌ಕೋಡ್ ಮ್ಯಾಕ್ ಬಿಟ್ಟು ಬೇರೆ ಕಡೆ ಓಡುವುದಿಲ್ಲ. ವಿಂಡೋಸ್ ಡೆಸ್ಕ್‌ಟಾಪ್ ಪ್ರೋಗ್ರಾಮ್ ಆದರೆ ವಿಂಡೋಸ್ ಇಟ್ಟುಕೊಳ್ಳಿ. ನನ್ನದು ಸಹಕಾರಿ ಸಂಘಗಳ ಲೆಕ್ಕಪತ್ರದ ವೆಬ್ ಕೆಲಸ, ಜಾಂಗೋ ಎಂಬ ವೆಬ್ ಚೌಕಟ್ಟು ಮತ್ತು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಅದು ಓಡುವ ಬಾಡಿಗೆ ಸರ್ವರ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಹಾಗಾಗಿ ನನ್ನ ಮೇಜಿನ ಮೇಲೂ ಡೆಬಿಯನ್ನೇ, ಒಂದು ಹಳೇ ಲೆನೊವೊ ಥಿಂಕ್‌ಪ್ಯಾಡ್ ಟಿ480 ಒಳಗೆ.

ಟಿ480 ಬಂದದ್ದು 2018ರಲ್ಲಿ. ದೊಡ್ಡ ಕಂಪನಿಗಳು ರಾಶಿಗಟ್ಟಲೆ ಕೊಂಡವು, ಕೆಲವು ವರ್ಷ ಬಳಸಿ ಮಾರಿದವು. ಅವು ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ನನಗೆ 19,000 ರೂಪಾಯಿಗೆ ಸಿಕ್ಕಿತು, ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಕೆಳಗಿನ ಮುಚ್ಚಳ ಬಿಚ್ಚಿದರೆ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಇನ್ನೊಂದು 8 ಜಿಬಿ ಕಡ್ಡಿ ನಾನೇ ಹಾಕಿಕೊಂಡೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇದು ಆಗುವುದೇ ಕಷ್ಟ. ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಕೊಳ್ಳುವ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ.

ಆದರೆ ನನಗೆ ಈ ಯಂತ್ರ ನಿಜವಾಗಿ ಇಷ್ಟವಾಗಿದ್ದು ಬ್ಯಾಟರಿಗಾಗಿ. ನಮ್ಮಲ್ಲಿ ಜುಲೈ ಮಳೆ ಶುರುವಾದರೆ ತಂತಿ ಮೇಲೆ ಮರ ಬೀಳುತ್ತದೆ, ಮಧ್ಯಾಹ್ನ ಹೋದ ಕರೆಂಟು ರಾತ್ರಿ ಬಂದರೆ ಪುಣ್ಯ. ಟಿ480ಗೆ ಎರಡು ಬ್ಯಾಟರಿ. ಒಳಗೆ 24 ವ್ಯಾಟ್-ಅವರ್‌ನದು ಒಂದು, ಹಿಂದೆ ಕಳಚಿ ಹಾಕಬಹುದಾದದ್ದು ಇನ್ನೊಂದು. ಹೊರಗಿನದು ಖಾಲಿಯಾದರೆ ಕಂಪ್ಯೂಟರ್ ಆಫ್ ಮಾಡದೆ ತೆಗೆದು, ತುಂಬಿದ್ದನ್ನು ಸಿಕ್ಕಿಸಿದರಾಯಿತು. ಅಷ್ಟು ಹೊತ್ತು ಒಳಗಿನದು ನಡೆಸುತ್ತದೆ. ನನ್ನ ಹತ್ತಿರ 72 ವ್ಯಾಟ್-ಅವರ್‌ನ ದಪ್ಪ ಬ್ಯಾಟರಿಯೂ ಇದೆ. ಅದನ್ನು ಹಾಕಿದರೆ ಹಿಂಭಾಗ ಸ್ವಲ್ಪ ಎದ್ದು ನಿಲ್ಲುತ್ತದೆ, ಟೈಪ್ ಮಾಡಲು ನನಗೆ ಅದೇ ಹಿತ. ಡೇಟಾಬೇಸ್ ಬದಲಾವಣೆ ಅರ್ಧದಲ್ಲಿದ್ದಾಗ ಕರೆಂಟು ಹೋದರೆ ಎದೆ ಧಸಕ್ ಅನ್ನುವುದು ನಿಂತಿದೆ.

ಇನ್ನು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಚೆನ್ನಾಗಿಯೇ ಇದೆ. ಪ್ರಾಜೆಕ್ಟ್ ಕಡತಗಳನ್ನು ಸಿ ಡ್ರೈವ್‌ನಲ್ಲಿ ಇಡದೆ ಲಿನಕ್ಸ್ ಭಾಗದಲ್ಲೇ ಇಟ್ಟರೆ ವೇಗವೂ ಸಿಗುತ್ತದೆ. ಮ್ಯಾಕ್‌ನಲ್ಲೂ ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದು ಪೆಟ್ಟಿಗೆಯಲ್ಲಿ ಓಡಿಸುವ ಸಾಧನ) ಅಂದರೆ ಹಿಂದೆ ಒಂದು ಲಿನಕ್ಸ್ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್, ಓಡುತ್ತಿರುತ್ತದೆ. ಹೇಗೂ ಲಿನಕ್ಸೇ ಬೇಕು ಅಂದಮೇಲೆ ನೇರವಾಗಿ ಅದನ್ನೇ ಹಾಕಿಕೊಳ್ಳಬಹುದು ಅಲ್ವಾ?

ಕನ್ನಡದಲ್ಲಿ ತಂತ್ರಾಂಶ ಬರೆಯುವವರಿಗೆ ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸದಸ್ಯರ ಪಟ್ಟಿ ಅಕಾರಾದಿಯಲ್ಲಿ ಬರಬೇಕು. ಪೋಸ್ಟ್‌ಗ್ರೆಸ್ ಆ ಕ್ರಮವನ್ನು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ಸಿ ಲೈಬ್ರರಿಯಿಂದ (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಮೂಲ ಕೋಡ್ ಸಂಗ್ರಹ) ತೆಗೆದುಕೊಳ್ಳುತ್ತದೆ. ಅಂದರೆ ಮ್ಯಾಕ್‌ನಲ್ಲಿ ಕಂಡ ಕ್ರಮ ಸರ್ವರ್‌ನಲ್ಲೂ ಬರುತ್ತದೆ ಅನ್ನುವ ಭರವಸೆ ಇಲ್ಲ. ಅಕ್ಷರಕ್ರಮಕ್ಕೆ ಐಸಿಯು ಎಂಬ ಬೇರೆ ಲೈಬ್ರರಿಯ ಆಯ್ಕೆ ಹಾಕಿ ಇದನ್ನು ತಪ್ಪಿಸಬಹುದು. ಆದರೆ ಎರಡೂ ಕಡೆ ಅದೇ ಡೆಬಿಯನ್ ಇದ್ದರೆ ನಾನು ಇಲ್ಲಿ ನೋಡಿದ ಪಟ್ಟಿಯನ್ನೇ ಸಂಘದ ಕಾರ್ಯದರ್ಶಿಯೂ ನೋಡುತ್ತಾರೆ. ಸಿ ಲೈಬ್ರರಿ ಹೊಸದಾದಾಗಲೂ ಕ್ರಮ ಬದಲಾಗಬಹುದು, ಆಗ ಡೇಟಾಬೇಸ್ ಬೇಗ ಹುಡುಕಲು ಕಟ್ಟಿಟ್ಟುಕೊಂಡ ಹಳೇ ಇಂಡೆಕ್ಸ್ ತಪ್ಪಾಗುತ್ತದೆ. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಾಗ ಮೊದಲು ಲ್ಯಾಪ್‌ಟಾಪಿಗೆ ಹಾಕಿದೆ. ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಿ, ಪಟ್ಟಿಗಳನ್ನು ನೋಡಿ, ಆಮೇಲಷ್ಟೇ ಸರ್ವರ್ ಮುಟ್ಟಿದೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅದಲು ಬದಲಾದರೂ ಅಷ್ಟೇ. ವಿಂಡೋಸ್ ಸುಮ್ನೆ ಬಿಡುತ್ತದೆ, ಲಿನಕ್ಸ್ ತಕ್ಷಣ ಹಿಡಿಯುತ್ತದೆ.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ತಂತ್ರಾಂಶ ಇದೆ, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುತ್ತದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಬೇಜಾರಿನ ಸಂಗತಿ ಒಂದಿದೆ: ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್‌ನಲ್ಲಿ ಸರಿಯಾಗಿ ಬರುತ್ತವೆ, ಹಾಗಾಗಿ ಕನ್ನಡ ದತ್ತಾಂಶವನ್ನು ಅಲ್ಲೇ ತೆರೆದು ನೋಡುತ್ತೇನೆ.

ಕೊರತೆ ಬೇಕಾದಷ್ಟಿವೆ. ಪರದೆ ಮಂದ, ಜಗಲಿಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಬೇಕು. ಬೆರಳಚ್ಚು ಓದುವ ಸಾಧನ ಲಿನಕ್ಸ್‌ನಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಪ್ರೊಸೆಸರ್‌ಗೆ ನಾಲ್ಕೇ ಕೋರ್. ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಎಮ್ಯುಲೇಟರ್ (ಕಂಪ್ಯೂಟರಿನಲ್ಲೇ ಓಡುವ ನಕಲಿ ಫೋನ್) ಒಟ್ಟಿಗೆ ಓಡಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ, ಅವರು ಇನ್ನೂ ಜಾಸ್ತಿ ದುಡ್ಡು ಹಾಕಲೇಬೇಕು. ಕೀಬೋರ್ಡ್ ಮಾತ್ರ ಬೇರೆಲ್ಲವನ್ನೂ ಮರೆಸುತ್ತದೆ. ಇಡೀ ದಿನ ಒತ್ತಿದರೂ ಬೆರಳು ನೋಯುವುದಿಲ್ಲ.

ಕೊಳ್ಳಲು ಹೋಗುವಾಗ ಇನ್‌ಸ್ಟಾಲ್ ಮಾಡದೆಯೇ ಓಡುವ ಡೆಬಿಯನ್ ಲೈವ್ ಇರುವ ಪೆನ್ ಡ್ರೈವ್ ಜೇಬಿನಲ್ಲಿರಲಿ. ಅಂಗಡಿಯಲ್ಲೇ ಬೂಟ್ ಮಾಡಿ ವೈಫೈ, ಕ್ಯಾಮೆರಾ, ಎರಡೂ ಬ್ಯಾಟರಿಗಳ ಆರೋಗ್ಯ ನೋಡಿ. 1366 ಪಿಕ್ಸೆಲ್ ಅಗಲದ ಪರದೆ ಇದ್ದರೆ ಬೇಡ ಅನ್ನಿ, 1920ರದೇ ಕೇಳಿ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಟೈಪ್-ಸಿ ಕಿಂಡಿಗಳಲ್ಲಿ ಚಾರ್ಜರ್ ಹಾಕಿ ಪರೀಕ್ಷೆ ಮಾಡಿ. ಈ ಮಾಡೆಲ್‌ನಲ್ಲಿ ಥಂಡರ್‌ಬೋಲ್ಟ್ (ವೇಗದ ಟೈಪ್-ಸಿ ಕಿಂಡಿ) ಫರ್ಮ್‌ವೇರ್, ಅಂದರೆ ಆ ಕಿಂಡಿಯ ಚಿಪ್‌ನಲ್ಲಿರುವ ತಂತ್ರಾಂಶದ ದೋಷದಿಂದ ಆ ಕಿಂಡಿ ಕೈಕೊಡುವುದಿತ್ತು. ಲೆನೊವೊ ಅದಕ್ಕೆ ಸರಿಪಡಿಸಿದ ಫರ್ಮ್‌ವೇರ್ ಕೊಟ್ಟಿದೆ. ಮನೆಗೆ ತಂದ ದಿನವೇ ಅದನ್ನು ಹಾಕಿಬಿಡಿ.