ಉದ್ಯಮಬಾಗದ ಸಿಎನ್‌ಸಿ ಕೋರ್ಸ್: ಅಳತೆಗೆ ಪೂರ್ತಿ ಅಂಕ, ಸೆಟ್ಟಿಂಗ್‌ಗೆ ಅರ್ಧ
ಲೇತ್ ಕೆಲಸ ಕಲಿಸುವ ಟರ್ನರ್ ಟ್ರೇಡ್‌ನಲ್ಲಿ 2 ವರ್ಷದ ಐಟಿಐ ಮುಗಿಸಿದ್ದರೂ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ ಯಂತ್ರದ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಖಾಸಗಿ ಕೇಂದ್ರದಲ್ಲಿ 3 ತಿಂಗಳ ಸಿಎನ್‌ಸಿ ಟರ್ನಿಂಗ್ ಕೋರ್ಸಿಗೆ ಸೇರಿದೆ. ಕೊರತೆಗಳನ್ನೂ ಬರೆಯಲಿಕ್ಕಿರುವುದರಿಂದ ಕೇಂದ್ರದ ಹೆಸರು ಹೇಳುವುದಿಲ್ಲ.

ಮೊದಲ ಮೂರು ವಾರ ಯಂತ್ರವನ್ನು ಮುಟ್ಟಲು ಬಿಡದೆ ಬರೀ ಅಳತೆ ಮಾಡಿಸಿದರು. ಆಗ ಬೇಸರವಾಗಿತ್ತು, ಕಟ್ಟಿದ ಫೀಸು ವಸೂಲಾದದ್ದು ಮಾತ್ರ ಆ ಮೂರು ವಾರಗಳಲ್ಲಿಯೇ. ಹೈಡ್ರಾಲಿಕ್ ವಾಲ್ವುಗಳ ಕೆಲಸದಲ್ಲಿ ಕೂದಲು ನರೆಸಿಕೊಂಡಿದ್ದ ಹಿರಿಯರೊಬ್ಬರು ಕಲಿಸುತ್ತಿದ್ದರು. ಒಂದು ದಿನ ಅವರು ಆಗಷ್ಟೇ ಯಂತ್ರದಲ್ಲಿ ತುಂಡನ್ನು ಹಿಡಿದಿಡುವ ಚಕ್ಕಿನಿಂದ ಬಿಚ್ಚಿದ 25 ಮಿ.ಮೀ. ಶಾಫ್ಟನ್ನು ನನ್ನ ಕೈಗಿತ್ತು ಅಳೆಯಲು ಹೇಳಿದರು. ಡ್ರಾಯಿಂಗಿನಲ್ಲಿದ್ದುದು ಚಿಕ್ಕ ಅಕ್ಷರದ ಎಚ್6, ಅಂದರೆ 25ಕ್ಕಿಂತ ಹೆಚ್ಚಾಗುವಂತಿಲ್ಲ, 13 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ) ಹೆಚ್ಚು ಇಳಿಯುವಂತೆಯೂ ಇಲ್ಲ. ನನ್ನ ಲೆಕ್ಕಕ್ಕೆ ಜಾಬ್, ಅಂದರೆ ಆ ಶಾಫ್ಟ್, ಪಾಸಾಗಿತ್ತು. ಅದನ್ನು ಸರ್ಫೇಸ್ ಪ್ಲೇಟಿನ ಮೇಲೆ ತಣ್ಣಗಾಗಲು ಬಿಟ್ಟು, ಚಹಾ ಮುಗಿದ ಮೇಲೆ ಮತ್ತೆ ಅಳೆಸಿದಾಗ ಕೆಳಗಿನ ಮಿತಿಯನ್ನೂ ದಾಟಿ ಇಳಿದಿತ್ತು. 40 ಡಿಗ್ರಿಗೆ ಬಿಸಿಯಾದ ಆ ಗಾತ್ರದ ಉಕ್ಕು, ಅಳತೆಗೆಂದು ಜಗತ್ತೆಲ್ಲ ಒಪ್ಪಿರುವ 20 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 6 ಮೈಕ್ರಾನ್ ಕುಗ್ಗುತ್ತದೆ ಎಂಬುದನ್ನು ಅವರು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಮೈಕ್ರೋಮೀಟರನ್ನು, ಒತ್ತಡ ಹದದಲ್ಲಿಡುವ ರ‍್ಯಾಚೆಟ್ ಬಿಟ್ಟು ಥಿಂಬಲ್ ಹಿಡಿದು ಬಿಗಿಯುವ ನನ್ನ ಐಟಿಐ ಕಾಲದ ಚಾಳಿಯೂ ಅಲ್ಲಿಯೇ ಬಿಟ್ಟುಹೋಯಿತು.

ಯಂತ್ರದ ಪಾಠ ಮಾತ್ರ ಸೊರಗಿತ್ತು. 14 ಮಂದಿಗೆ ಇದ್ದುದು ಒಂದೇ ಟರ್ನಿಂಗ್ ಸೆಂಟರ್, ಅಂದರೆ ಸಿಎನ್‌ಸಿ ಲೇತ್. ಟೂಲ್ ಆಫ್‌ಸೆಟ್, ಅಂದರೆ ಉಪಕರಣದ ತುದಿ ಎಲ್ಲಿದೆ ಎಂಬ ಅಳತೆ, ಹಾಕುವುದನ್ನೂ, ಜಿ54 ಎಂಬ ಕೋಡಿನಲ್ಲಿ ಜಾಬಿನ ಶೂನ್ಯಬಿಂದು ಹಿಡಿಯುವುದನ್ನೂ ಬೋಧಕರೇ ಮಾಡಿ ಮುಗಿಸುತ್ತಿದ್ದರು, ನಮ್ಮ ಪಾಲಿಗೆ ಉಳಿಯುತ್ತಿದ್ದುದು ಸೈಕಲ್ ಸ್ಟಾರ್ಟ್ ಗುಂಡಿ. ಪ್ರೋಗ್ರಾಮಿಂಗನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕಲಿತೆವು. 25 ಮಿ.ಮೀ. ಎಂದು ಹೇಳಲು ಬರೆಯುವ ಎಕ್ಸ್25ರ ಕೊನೆಗೆ ದಶಮಾಂಶ ಚುಕ್ಕೆ ಇಡದಿದ್ದರೆ, ಪ್ಯಾರಾಮೀಟರ್ ಇರುವ ರೀತಿಯ ಮೇಲೆ, ಯಂತ್ರ ನಡೆಸುವ ಫಾನುಕ್ ಕಂಪನಿಯ ಕಂಟ್ರೋಲರ್ ಅದನ್ನು 25 ಮೈಕ್ರಾನ್ ಎಂದು ಓದಬಹುದು ಎಂಬ ಮಾತನ್ನು ಯಾರೂ ಹೇಳಲಿಲ್ಲ. ನಾನು ಅದನ್ನು ಕೆಲಸಕ್ಕೆ ಸೇರಿದ ಎರಡನೆಯ ವಾರ, ಲೋಹ ಕತ್ತರಿಸುವ ಮೊನೆಯಾದ ಒಂದು ಕಾರ್ಬೈಡ್ ಇನ್ಸರ್ಟ್ ಮುರಿದುಕೊಂಡು ಕಲಿತೆ.

ಗೋಡೆಯ ಮೇಲೆ ಬರೆಸಿದ್ದ ನೌಕರಿ ಭರವಸೆ ಕೊನೆಗೆ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯ ಸಂದರ್ಶನಕ್ಕೆ ಕೊಟ್ಟ ಚೀಟಿಯಾಯಿತು. ಕೆಲಸ ಸಿಕ್ಕಿತು ನಿಜ, ಆದರೆ ಆಪರೇಟರ್ ಆಗಿ. ಈ ಊರಿನ ಶಾಪ್‌ಗಳಲ್ಲಿ ಸಂಬಳ ಏರುವುದು ಆಫ್‌ಸೆಟ್, ಶೂನ್ಯಬಿಂದು ಹಾಕಿ ಯಂತ್ರವನ್ನು ಅಣಿಗೊಳಿಸುವ ಸೆಟ್ಟರ್ ಆದ ಮೇಲೆ, ಮತ್ತು ಸೆಟ್ಟಿಂಗ್ ನಮಗೆ ಕಲಿಸದೆ ಬಿಟ್ಟ ಭಾಗ.

ಎಸ್ಸೆಸ್ಸೆಲ್ಸಿ ಮುಗಿಸಿ ಇನ್ನೂ ಸಮಯವಿರುವವರು ಬೆಳಗಾವಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು, ಅಂದರೆ ಜಿಟಿಟಿಸಿಯನ್ನು, ಮೊದಲು ವಿಚಾರಿಸುವುದು ಒಳ್ಳೆಯದು. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ 3 ವರ್ಷದ ಓದಿನ ಮೇಲೆ 1 ವರ್ಷ ಕಾರ್ಖಾನೆಯ ತರಬೇತಿ ಇರುತ್ತದೆ. ಐಟಿಐ ಮುಗಿಸಿ ನನ್ನಂತೆ ಅವಸರದಲ್ಲಿರುವವರು ನಾನು ಕಲಿತ ಕೇಂದ್ರಕ್ಕೆ ಸೇರಬಹುದು, ಆದರೆ ಸಂಜೆಯ ಬ್ಯಾಚಿಗೆ. ನಾನಿದ್ದಾಗ ಅದರಲ್ಲಿ ಐದೇ ಮಂದಿ ಇದ್ದರು, ಆಫ್‌ಸೆಟ್ಟನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರು.